ಫ್ಯಾನ್ ತಿರುಗುತ್ತಿದೆ ಅಂತ ಸುಮ್ನೆ ನಂಬಬೇಡಿ, ಹಳೇ ಕಾರಿನವರು ಓದಿ

ಬಳ್ಳಾರಿಯಲ್ಲಿ ಹಳೇ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ನನ್ನದು ಪ್ರೀಮಿಯರ್ ಪದ್ಮಿನಿ. ಕಂಪನಿಯಿಂದ ಬಂದಾಗ ಇದಕ್ಕೆ ಬೆಲ್ಟ್‌ನಿಂದ ತಿರುಗುವ ಫ್ಯಾನ್ ಇತ್ತು. ಹಿಂದಿನ ಓನರ್ ಅದನ್ನು ತೆಗೆಸಿ ಮಾರುತಿ 800ರ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದ್ದರು. ಈ ಬೇಸಿಗೆಯಲ್ಲಿ ಶುರುವಾಯಿತು ನೋಡಿ. ಹೊಸಪೇಟೆ ರಸ್ತೆಯಲ್ಲಿ ಓಡುವಾಗ ಏನೂ ಇಲ್ಲ, ರಾಯಲ್ ಸರ್ಕಲ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಮೇಲೆ. ಇಂಜಿನ್ ನೀರು ತಣಿಸುವ ರೇಡಿಯೇಟರ್‌ಗೆ ಓಡುವಾಗ ಗಾಳಿ ತಾನಾಗೇ ಬರುತ್ತೆ, ನಿಂತಾಗ ಫ್ಯಾನೇ ಗತಿ. ಅಂದರೆ ಫ್ಯಾನ್ ಕಡೆಯೇ ಏನೋ ಆಗಿದೆ ಅಂತ ಯಾರಿಗಾದರೂ ಗೊತ್ತಾಗುತ್ತೆ ಅಲ್ವಾ?

ಗ್ಯಾರೇಜಿನವನು ಬಾನೆಟ್ ಎತ್ತಿದ, ಒಂದು ಸಲ ಇಣುಕಿದ. "ಮೋಟರ್ ಸುಟ್ಟೈತೆ ಅಣ್ಣ." ಅಷ್ಟೇ. ಫ್ಯೂಸ್ ನೋಡಲಿಲ್ಲ, ಕರೆಂಟ್ ಬರುತ್ತಾ ಅಂತ ನೋಡುವ ಟೆಸ್ಟ್ ಲ್ಯಾಂಪ್ ಹಿಡಿಯಲಿಲ್ಲ. ಹೊಸ ಮೋಟರ್, ಕೂಲಿ ಎಲ್ಲಾ ಸೇರಿ 3,200 ತಗೊಂಡ. ಕೀ ಹಾಕಿದ ತಕ್ಷಣ ಫ್ಯಾನ್ ತಿರುಗುವ ಹಾಗೆ ಡೈರೆಕ್ಟ್ ವೈರ್ ಕೊಟ್ಟ. "ಇನ್ನು ಬಿಸಿ ಆಗೋ ಮಾತೇ ಇಲ್ಲ" ಅಂದ.

ಬೀಗರನ್ನು ಕೂರಿಸಿಕೊಂಡು ಹೊಸಪೇಟೆಗೆ ಹೊರಟರೆ ತೋರಣಗಲ್ಲು ಹತ್ತಿರ ಹಬೆ! ಮೊದಲು ಓಡುವಾಗಲಾದರೂ ಚೆನ್ನಾಗಿದ್ದ ಗಾಡಿ ಈಗ ಓಡುವಾಗಲೂ ಕುದಿಯುತ್ತಿದೆ. ಬೀಗರು ಸೆಕೆಯಲ್ಲಿ ರಸ್ತೆ ಬದಿ ನಿಂತಿದ್ದಾರೆ, ಲಾರಿಯವರು ನೋಡಿಕೊಂಡು ನಗುತ್ತಾ ಹೋಗುತ್ತಿದ್ದಾರೆ. ಅವನಿಗೆ ಫೋನ್ ಮಾಡಿದೆ. "ರೇಡಿಯೇಟರ್ ಕೋರ್ ಹೋಗಿರ್ತದೆ ಅಣ್ಣ, 9,000 ಆಗ್ತದೆ, ತಗೊಂಡ್ ಬನ್ನಿ." ಫ್ಯಾನ್ ಸರಿಯಾಗಿದೆಯಾ ಅಂದರೆ, "ತಿರುಗ್ತಾ ಐತಲ್ಲ, ಇನ್ನೇನು ಬೇಕು?"

ಇನ್ನೇನು ಬೇಕು ಅಂತೆ!

ಕೌಲ್ ಬಜಾರ್‌ನಲ್ಲಿ ಒಬ್ಬರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಅವರು ಮಾತೇ ಆಡಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿಸಿ, ಒಂದು ನ್ಯೂಸ್ ಪೇಪರ್ ಹಾಳೆಯನ್ನು ಗ್ರಿಲ್ ಮುಂದೆ ಹಿಡಿದರು. ಫ್ಯಾನ್ ಗಾಳಿ ಒಳಗೆ ಎಳೆಯಬೇಕು, ಹಾಳೆ ಗ್ರಿಲ್‌ಗೆ ಅಂಟಿಕೊಳ್ಳಬೇಕು. ನನ್ನದು ಹಾರಿ ಹೋಗಿ ಚರಂಡಿಗೆ ಬಿತ್ತು. ಪ್ಲಸ್ ಮೈನಸ್ ವೈರ್ ಅದಲು ಬದಲು! ಫ್ಯಾನ್ ಉಲ್ಟಾ ತಿರುಗಿ, ಇಂಜಿನ್ ಬಿಸಿಯನ್ನೇ ರೇಡಿಯೇಟರ್‌ಗೆ ಊದುತ್ತಿತ್ತು, ಎದುರಿಂದ ಬರುವ ಗಾಳಿಗೂ ಅಡ್ಡ. ಈ ಬಿಸಿಲಲ್ಲಿ ಕುದಿಯದೇ ಇನ್ನೇನಾಗುತ್ತೆ.

ಅದಕ್ಕಿಂತ ಜಾಸ್ತಿ ಉರಿದದ್ದು ಮುಂದಿನದು. ಹಳೇ ಮೋಟರ್ ಡಿಕ್ಕಿಯಲ್ಲೇ ಇತ್ತು, ಹಟ ಮಾಡಿ ವಾಪಸ್ ತಂದಿದ್ದೆ. ಅವರು ಅದಕ್ಕೆ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ಟರು. ಝುಂಯ್ ಅಂತ ತಿರುಗಿತು. ಸುಟ್ಟ ಮೋಟರ್ ಅಂತೆ! ಆಮೇಲೆ ನೀರು ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್ ಬಿಚ್ಚಿ, ಪಕ್ಕದ ಚಹಾ ಅಂಗಡಿಯಿಂದ ತಂದ ಕುದಿಯುವ ನೀರಲ್ಲಿ ಅದರ ತುದಿ ಅದ್ದಿ, ಟೆಸ್ಟ್ ಲ್ಯಾಂಪ್ ಹಾಕಿದರು. ಸುಮಾರು 90 ಡಿಗ್ರಿಗೆ ಆನ್ ಆಗಬೇಕಾದ ಸ್ವಿಚ್ ಅದು, ಕುದಿಯುವ ನೀರಲ್ಲೂ ದೀಪ ಹತ್ತಲಿಲ್ಲ. ಹೋಗಿದ್ದು ಅದೊಂದೇ, ಕೆಲವೇ ನೂರು ರೂಪಾಯಿ ಸಾಮಾನು.

ಗ್ಯಾರೇಜಿಗೆ ಹೋಗಿ ಕೇಳಿದರೆ ಮೊದಲು "ಹುಡುಗ ವೈರ್ ಹಾಕಿದ್ದು, ನಾನಲ್ಲ" ಅಂದ. ಹಳೇ ಮೋಟರ್ ತಿರುಗುತ್ತಲ್ಲಪ್ಪ ಅಂದೆ. "ಲೋಡ್ ತಗೋಳಲ್ಲ ಅಣ್ಣ ಅದು." ದುಡ್ಡು ವಾಪಸ್ ಕೊಡು ಅಂದೆ. "ಹಳೇ ಗಾಡಿ ಇಟ್ಕೊಂಡ್ರೆ ಇವೆಲ್ಲಾ ಇದ್ದದ್ದೇ" ಅಂತ ನನಗೇ ಬುದ್ಧಿ ಹೇಳಿದ! ಈಗ ಫೋನೂ ಎತ್ತಲ್ಲ.

ಮೋಟರ್ ಹೋಗಿದೆ ಅಂದವರಿಗೆ ನಿಮ್ಮ ಕಣ್ಣೆದುರೇ ಬ್ಯಾಟರಿ ಕೊಟ್ಟು ತೋರಿಸು ಅನ್ನಿ. ತಿರುಗಿದರೆ ಫ್ಯೂಸ್, ರಿಲೇ, ಅರ್ತ್, ಸ್ವಿಚ್ ನೋಡಿಸಿ. ಬಿಚ್ಚಿದ ಸಾಮಾನು ಬಿಟ್ಟು ಬರಬೇಡಿ. ಹೊಸದು ಹಾಕಿದ ಮೇಲೆ ಪೇಪರ್ ಹಿಡಿದು ನೋಡಿ. ಆಮೇಲೆ ದುಡ್ಡು ಕೊಡಿ.