‘ವಿಕ್ಟೋರಿಯಾ ಕಾಲದ ಕ್ರಿಸ್‌ಮಸ್ ಸ್ಟಾಂಪ್’ ಅಂತ ಮಾರುವವರಿದ್ದಾರೆ, ಹುಷಾರು

ಕ್ರಿಸ್‌ಮಸ್ ಸ್ಟಾಂಪ್ ಕೂಡಿಡುವವರು ದಯವಿಟ್ಟು ಓದಿ. ‘ವಿಕ್ಟೋರಿಯಾ ರಾಣಿ ಕಾಲದ ಕ್ರಿಸ್‌ಮಸ್ ಸ್ಟಾಂಪ್‌ಗಳು’ ಅಂತ ಆನ್‌ಲೈನಿನಲ್ಲಿ ಒಬ್ಬರು ಕಟ್ಟು ಕಟ್ಟಿ ಮಾರುತ್ತಿದ್ದಾರೆ. ದುಡ್ಡು ಕೊಟ್ಟು ತರಿಸಿದೆ. ಬಂದದ್ದರಲ್ಲಿ ಮುಕ್ಕಾಲು ಪಾಲು ಸ್ಟಾಂಪೇ ಅಲ್ಲ.

ಕ್ರಿಸ್‌ಮಸ್ ಕಾರ್ಡ್ ವಿಕ್ಟೋರಿಯಾ ಕಾಲದ್ದೇ, ನಿಜ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅಚ್ಚು ಹಾಕಿಸಿದ್ದು. ಆದರೆ ಬ್ರಿಟನ್ನಿನಲ್ಲಿ ಕ್ರಿಸ್‌ಮಸ್‌ಗೆ ಅಂತಲೇ ಸ್ಟಾಂಪ್ ಬಂದದ್ದು 1966ರಲ್ಲಿ! ನನಗೆ ಬಂದವುಗಳ ಮೇಲೆ ಹಾಲಿ ಅನ್ನುವ ಗಿಡದ ಮುಳ್ಳೆಲೆ, ಕೆಂಪೆದೆಯ ರಾಬಿನ್ ಹಕ್ಕಿ ಎಲ್ಲ ಚೆಂದವಾಗಿಯೇ ಇವೆ. (ಆಗಿನ ಪೋಸ್ಟ್‌ಮ್ಯಾನ್‌ಗಳು ಕೆಂಪು ಕೋಟು ಹಾಕುತ್ತಿದ್ದರು, ಜನ ಅವರನ್ನೇ ರಾಬಿನ್ ಅಂತ ಕರೆಯುತ್ತಿದ್ದರು.) ಬ್ರಿಟನ್ ಸ್ಟಾಂಪಿನ ಮೇಲೆ ದೇಶದ ಹೆಸರು ಇರುವುದಿಲ್ಲ, ಅದರ ಬದಲು ರಾಜನದೋ ರಾಣಿಯದೋ ತಲೆ ಇರುತ್ತದೆ. ಇವುಗಳಲ್ಲಿ ತಲೆಯೂ ಇಲ್ಲ, ಬೆಲೆಯೂ ಇಲ್ಲ. ಸುಮ್ನೆ ಅಲಂಕಾರದ ಚೀಟಿಗಳು.

ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಕೆನಡಾ ಸ್ಟಾಂಪಿನ ವಿಷಯದಲ್ಲಿ. ಬ್ರಿಟಿಷ್ ಸಾಮ್ರಾಜ್ಯಕ್ಕೆಲ್ಲ ಕೆಂಪು ಬಳಿದ ಭೂಪಟ, ಕೆಳಗೆ ‘ಎಕ್ಸ್‌ಮಸ್ 1898’ ಅನ್ನುವ ಅಕ್ಷರ, 2 ಸೆಂಟ್ ಬೆಲೆ. ಸಾಮ್ರಾಜ್ಯದೊಳಗೆ ಕಡಿಮೆ ದರದ ಅಂಚೆ ಆ ವರ್ಷದ ಕ್ರಿಸ್‌ಮಸ್ ದಿನ ಶುರುವಾಯಿತು, ಅದರ ನೆನಪಿಗೆ ತಂದದ್ದು. ಇದು ಅಸಲಿ ಸ್ಟಾಂಪೇ. ಆದರೆ ‘ಬಳಸದ್ದು, ಮೂಲ ಗೋಂದು ಹಾಗೇ ಇದೆ’ ಅಂತ ದುಬಾರಿ ಬೆಲೆ ಹಾಕಿದ್ದರು, ಅದು ಸುಳ್ಳು.

ಲೆನ್ಸ್ ಹಿಡಿದು ಅಂಚಿನ ಹಲ್ಲುಗಳನ್ನು ನೋಡಿದೆ. ಆ ಕಾಲದಲ್ಲಿ ಹಾಳೆಗೆ ಮೊದಲು ಗೋಂದು ಬಳಿದು ಆಮೇಲೆ ತೂತು ಹೊಡೆಯುತ್ತಿದ್ದರು. ಹಾಗಾಗಿ ಹರಿದ ಹಲ್ಲಿನ ತುದಿಯಲ್ಲಿ ಕಾಗದದ ಎಳೆ ಮೆತ್ತಗೆ ಬಿಚ್ಚಿಕೊಂಡಿರಬೇಕು. ಇದರಲ್ಲಿ ತುದಿ ತುದಿಗೂ ಗೋಂದು ಇಳಿದು ಗಟ್ಟಿಯಾಗಿದೆ, ಬೆರಳಾಡಿಸಿದರೆ ಚುಚ್ಚುತ್ತದೆ. ಹೊಸದಾಗಿ ಗೋಂದು ಬಳಿದಿದ್ದಾರೆ ಅಂತಲೇ ಅರ್ಥ, ಅಲ್ವಾ?

ಕೇಳಿದರೆ ‘ಮಾರಿದ ಮಾಲು ವಾಪಸ್ ತಗೊಳ್ಳಲ್ಲ’ ಅಂದರು. ಜಾಹೀರಾತು ಇನ್ನೂ ಹಾಗೇ ಇದೆ. ಹಿಂಬದಿಯ ಫೋಟೊ ಮಾತ್ರ ಎಲ್ಲೂ ಹಾಕಿಲ್ಲ, ಮೊದಲು ಅದನ್ನು ಕೇಳಿ. ದೊಡ್ಡ ಮೊತ್ತವಾದರೆ ಪರಿಣತರ ಪ್ರಮಾಣಪತ್ರ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಮುದ್ರೆ ಬಿದ್ದ ಇದೇ ಕೆನಡಾ ಸ್ಟಾಂಪ್ ಕಡಿಮೆ ದುಡ್ಡಿಗೆ ಧಾರಾಳವಾಗಿ ಸಿಗುತ್ತದೆ. ವಿಕ್ಟೋರಿಯಾ ಕಾಲದ ಹಬ್ಬದ ಚಿತ್ರಗಳೇ ಬೇಕು ಅಂದರೆ, ಡಿಕನ್ಸ್‌ನ ಕ್ರಿಸ್‌ಮಸ್ ಕಥೆಗೆ 150 ವರ್ಷ ಆದಾಗ, 1993ರಲ್ಲಿ, ಬ್ರಿಟನ್ ತಂದ ಐದು ಸ್ಟಾಂಪ್‌ಗಳಿವೆ. ಕ್ವೆಂಟಿನ್ ಬ್ಲೇಕ್ ಬರೆದ ಚಿತ್ರಗಳು, ನೋಡಲು ಎರಡು ಕಣ್ಣು ಸಾಲದು.