ನೆಲದಲ್ಲಿ ಸಿಕ್ಕ ಉಂಗುರ: ಒರೆಗಲ್ಲೋ ನೀರಿನ ತೂಕವೋ, ಫಾಯಿಲ್ಲೋ ಸೋಪಿನ ನೀರೋ?

ಬ್ರಿಟನ್ನಿನ ಕಡಲತೀರದಲ್ಲೋ ಉತ್ತ ಹೊಲದಲ್ಲೋ ಮೆಟಲ್ ಡಿಟೆಕ್ಟರ್ ಸದ್ದು ಮಾಡಿ ಉಂಗುರ ಸಿಕ್ಕಿತು ಅಂದುಕೊಳ್ಳಿ. ಅಲ್ಲೇ ಬೆರಳಲ್ಲಿ ತಿಕ್ಕಬೇಡಿ. ಅಂಟಿಕೊಂಡಿರುವ ಮರಳು ಚಿನ್ನಕ್ಕಿಂತ ಗಟ್ಟಿ, ಗೀರು ಬಿದ್ದೇ ಬೀಳುತ್ತದೆ. ಯಾವ ಲೋಹ, ಯಾವ ಕಾಲದ್ದು ಎಂದು ತಿಳಿದ ಮೇಲೆ ತೊಳೆಯುವ ಮಾತು.

ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಒಳಮೈ ನೋಡಿ. 916 ಎಂದರೆ ನಮಗೆ ಪರಿಚಿತವಾದ 22 ಕ್ಯಾರೆಟ್, 750 ಎಂದರೆ 18. ಅಲ್ಲಿ ಹೆಚ್ಚಾಗಿ ಕಾಣುವುದು 375, ಅಂದರೆ 9 ಕ್ಯಾರೆಟ್. 925 ಬೆಳ್ಳಿ. ಪರೀಕ್ಷೆಯಾದ ಊರೂ ತಿಳಿಯುತ್ತದೆ: ಲಂಗರಿನ ಗುರುತಿದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ತಲೆ ಇದ್ದರೆ ಲಂಡನ್. ಆರ್‌ಜಿಪಿ (ಚಿನ್ನದ ಲೇಪ), ಇಪಿಎನ್‌ಎಸ್ (ಬೆಳ್ಳಿಯ ಲೇಪ) ಎಂದಿದ್ದರೆ ಗಿಲೀಟು. ಗುರುತೇ ಇಲ್ಲವೆಂದು ಎಸೆಯಬೇಡಿ: 1 ಗ್ರಾಮಿಗಿಂತ ಕಡಿಮೆ ಚಿನ್ನಕ್ಕೂ 7.78 ಗ್ರಾಮಿಗಿಂತ ಕಡಿಮೆ ಬೆಳ್ಳಿಗೂ ಅಲ್ಲಿ ಹಾಲ್‌ಮಾರ್ಕ್ ಕಡ್ಡಾಯವಲ್ಲ.

ಗುರುತಿಲ್ಲದ ಉಂಗುರಕ್ಕೆ ಎರಡು ದಾರಿ. ಒರೆಗಲ್ಲಿಗೆ ಉಜ್ಜಿ ಆಸಿಡ್ ಹನಿ ಬಿಡುವುದು ಬೇಗ ಮುಗಿಯುತ್ತದೆ, ಕಲ್ಲು ಕೂರಿಸಿದ ಉಂಗುರಕ್ಕೂ ನಡೆಯುತ್ತದೆ. ಆದರೆ ಲೋಹ ಸವೆಯುತ್ತದೆ, ದಪ್ಪ ಗಿಲೀಟು ಒರೆಯನ್ನೇ ವಂಚಿಸುತ್ತದೆ. ಸಾದಾ ಉಂಗುರಕ್ಕೆ ನನ್ನ ಮತ ನೀರಿನ ತೂಕಕ್ಕೆ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮೊದಲು ಉಂಗುರವನ್ನಷ್ಟೇ ತೂಗಿ. ಆಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಉಂಗುರವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಬರೀ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ. 4.15 ಗ್ರಾಮಿನ ಉಂಗುರಕ್ಕೆ 0.37 ಬಂದರೆ 11.2, ಅಂದರೆ 9 ಕ್ಯಾರೆಟ್ ಇರಬಹುದು. ಅದೇ ತೂಕದ ಹಿತ್ತಾಳೆಗೆ 0.49ರ ಸುಮಾರು ಬರುತ್ತದೆ. 18 ಕ್ಯಾರೆಟ್ ಸುಮಾರು 15.5, ಸ್ಟರ್ಲಿಂಗ್ ಅಂದರೆ 925 ಬೆಳ್ಳಿ 10.4. ಗಾಳಿಗುಳ್ಳೆ ಅಂಟಿದರೆ ಸಾಂದ್ರತೆ ಕಡಿಮೆ ತೋರುತ್ತದೆ, ಒಂದು ಹನಿ ಪಾತ್ರೆ ಸೋಪು ಹಾಕಿದರೆ ಸರಿಹೋಗುತ್ತದೆ. ಟೊಳ್ಳು ಉಂಗುರಕ್ಕೂ ಕಲ್ಲಿನದಕ್ಕೂ ಈ ಲೆಕ್ಕ ಹೊಂದದು. 2 ಗ್ರಾಮಿಗಿಂತ ಹಗುರವಾದರೆ ತಕ್ಕಡಿಯ ಒಂದೇ ಅಂಕಿಯ ವ್ಯತ್ಯಾಸ ಬೆಳ್ಳಿಯನ್ನೂ 9 ಕ್ಯಾರೆಟ್ಟನ್ನೂ ಅದಲುಬದಲು ಮಾಡಿಬಿಡುತ್ತದೆ, ಅಲ್ಲಿ ಬಣ್ಣವನ್ನೂ ನೋಡಬೇಕು.

ತೊಳೆಯುವುದರಲ್ಲಿ ಸೋಪಿನ ನೀರನ್ನು ಮೀರಿಸಿದ್ದು ಕಡಿಮೆ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಸೋಪು, ರಾತ್ರಿಯಿಡೀ ನೆನೆಸು, ಬೆಳಿಗ್ಗೆ ಮೆತ್ತನೆಯ ಬ್ರಷ್, ಸಂದಿಗೆ ಬಿದಿರು ಕಡ್ಡಿ. ಚಿನ್ನಕ್ಕೆ ಅಂಟುವಾಳದ ನೀರೂ ಅಷ್ಟೇ ಚೆನ್ನ. ಅಲ್ಟ್ರಾಸಾನಿಕ್ ಯಂತ್ರ ಸಂದಿಯ ಮರಳನ್ನು ಸೊಗಸಾಗಿ ಬಿಡಿಸುತ್ತದೆ, ಆದರೆ ಸಡಿಲ ಕಲ್ಲನ್ನೂ ಉದುರಿಸುತ್ತದೆ. ಉಂಗುರವನ್ನು ಕಿವಿಯ ಬಳಿ ಹಿಡಿದು ಉಗುರಿನಿಂದ ತಟ್ಟಿ: ಕಿಟಕಿಟ ಎಂದರೆ ಯಂತ್ರಕ್ಕೆ ಹಾಕಬೇಡಿ. ಮುತ್ತು, ಓಪಲ್, ಪಚ್ಚೆಗೆ ಅದು ಸುತರಾಂ ಬೇಡ.

ಕಪ್ಪಾದ ಹೊಸ ಬೆಳ್ಳಿಗೆ ಫಾಯಿಲ್ ವಿಧಾನವೇ ಮೇಲು. ಬಟ್ಟಲಿಗೆ ಅಲ್ಯುಮಿನಿಯಂ ಫಾಯಿಲ್ ಹಾಸಿ, 250 ಮಿಲಿ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ, ಉಂಗುರ ಫಾಯಿಲ್ಲಿಗೆ ತಾಗುವಂತೆ ಇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಪಾಲಿಶ್ ಪುಡಿ ಬೆಳ್ಳಿಯನ್ನೇ ಉಜ್ಜಿ ತೆಗೆಯುತ್ತದೆ, ಇಲ್ಲಿ ಸಲ್ಫೈಡ್ ಮತ್ತೆ ಬೆಳ್ಳಿಯಾಗುತ್ತದೆ. ಕಡಲ ಬಿಳಿ ಸುಣ್ಣದ ಪದರ ಕಟ್ಟಿದ ಚಿನ್ನಕ್ಕೆ ವಿನೆಗರ್ ಸಾಕು. ಉಕ್ಕಿನ ಚಿಮಟ ಮಾತ್ರ ಅದರಲ್ಲಿ ಅದ್ದಬೇಡಿ, ಕರಗಿದ ತಾಮ್ರ ಉಂಗುರಕ್ಕೆ ಕೆಂಪಾಗಿ ಹತ್ತೀತು.

ಹಳೆಯ ಉಂಗುರಕ್ಕೆ ಇವು ಯಾವುವೂ ಸಲ್ಲವು. 16ರಿಂದ 18ನೇ ಶತಮಾನದ ಪೋಸಿ ಉಂಗುರಗಳ, ಅಂದರೆ ಪ್ರೇಮದ ಸಾಲು ಕೆತ್ತಿದ ಉಂಗುರಗಳ, ಒಳಬದಿಯ ಅಕ್ಷರಗಳಲ್ಲಿ ಎನಾಮೆಲ್ ಚೂರು ಉಳಿದಿರಬಹುದು, ಬ್ರಷ್ಷಿಗೆ ಅದು ಹೋದರೆ ಹೋಯಿತು. ನಿಯೆಲ್ಲೊ ಕೆಲಸದ, ಅಂದರೆ ಕೆತ್ತನೆಯೊಳಗೆ ತುಂಬಿದ, ಕಪ್ಪು ಗೆರೆಗಳೂ ಲೋಹದ ಸಲ್ಫೈಡುಗಳೇ, ಫಾಯಿಲ್ ಅವನ್ನೂ ತಿನ್ನುತ್ತದೆ. 300 ವರ್ಷ ದಾಟಿದ, ಕನಿಷ್ಠ 10% ಚಿನ್ನ ಅಥವಾ ಬೆಳ್ಳಿ ಇರುವ ಉಂಗುರವನ್ನು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1996ರ ಟ್ರೆಷರ್ ಕಾಯ್ದೆಯ ಪ್ರಕಾರ 14 ದಿನಗಳೊಳಗೆ ಕರೋನರ್‌ಗೆ (ಸಿಕ್ಕ ನಿಧಿಯ ವಿಚಾರಣೆ ನಡೆಸುವ ಅಧಿಕಾರಿ) ತಿಳಿಸಬೇಕು. ಮಣ್ಣಿನ ಸಮೇತ ಪುಟ್ಟ ಡಬ್ಬಿಯಲ್ಲಿಟ್ಟು, ಸಿಕ್ಕ ಜಾಗ ಬರೆದು, ಆ ಜಿಲ್ಲೆಯ ಫೈಂಡ್ಸ್ ಲಿಯೇಸನ್ ಆಫೀಸರ್‌ಗೆ (ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಅಧಿಕಾರಿ) ತೋರಿಸಿ.