ಮೂರು ಬಳ್ಳಿ ರೋಸ್, ಎರಡು ಮಳೆಗಾಲ

ಕುಶಾಲನಗರದ ಕಡೆಯ ಒಂದು ನರ್ಸರಿಯಿಂದ ಮೂರು ಬಳ್ಳಿ ರೋಸ್ ತಂದಿದ್ದೆ. ಗಿಡಕ್ಕೆ 350 ರೂಪಾಯಿ. ಮಡಿಕೇರಿಯ ನಮ್ಮ ಮನೆ ಗೇಟಿನ ಕಮಾನಿಗೆ ಹಬ್ಬಿಸುವ ಆಸೆ. ತಂದ ವಾರವೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಟ್ಟುಬಿಡುತ್ತಿದ್ದೆ. ಈಗ ಎರಡು ಮಳೆಗಾಲ ಕಳೆದಿದೆ.

ನಾನು ಮನಸೋತಿದ್ದು ಪಿಯರ್ ದ ರೋನ್ಸಾರ್ ಎಂಬ ತಳಿಗೆ. ಕೆನೆಬಿಳಿ ಹೂ, ಅಂಚಲ್ಲಿ ಗುಲಾಬಿ ಬಣ್ಣ, ಎಲೆಕೋಸಿನ ಹಾಗೆ ಒತ್ತೊತ್ತು ಎಸಳು. ಆ ಒತ್ತು ಎಸಳೇ ನಮ್ಮೂರಿಗೆ ಆಗಿಬರಲಿಲ್ಲ. ಜೂನ್ ಬಂತೆಂದರೆ ಮೊಗ್ಗು ನೀರು ಕುಡಿದು, ಹೊರಗಿನ ಎಸಳು ನೆನೆದ ಕಾಗದದಂತೆ ಅಂಟಿಕೊಂಡು, ಬಿಚ್ಚದೆಯೇ ಕೊಳೆಯುತ್ತದೆ. ಜುಲೈ-ಆಗಸ್ಟ್‌ನಲ್ಲಿ ಬರುವ ನಮ್ಮ ಜಡಿಮಳೆಯ ತಿಂಗಳು ಕಕ್ಕಡ, ಅದಿಡೀ ಒಂದೂ ಹೂ ಕಾಣಲಿಲ್ಲ. ಮಳೆ ಕಮ್ಮಿ ಇರುವ ಕುಶಾಲನಗರದವರು ಧೈರ್ಯವಾಗಿ ತಗೊಳ್ಳಿ.

ಕೆಂಪು ಬಳ್ಳಿ ಅಂತ ಚೀಟಿ ಅಂಟಿಸಿದ್ದ ಗಿಡ ಭರ್ರನೆ ಬೆಳೆಯಿತು. ನಾನೂ ಹಿಗ್ಗಿದೆ. ಆಮೇಲೆ ನೋಡಿದರೆ ಕಸಿ ಮಾಡಿದ ಕೊಂಬೆ ಒಣಗಿತ್ತು, ಬೆಳೆದದ್ದು ಕಸಿಗೆ ಬುಡವಾಗಿದ್ದ ಕಾಡು ರೋಸ್! ನರ್ಸರಿಗೆ ಹೋಗಿ ಕೇಳಿದರೆ, "ಅಕ್ಕ, ಮಳೆ ಜಾಸ್ತಿ ಆಯ್ತು, ನಾವೇನು ಮಾಡೋದು?" ಅಂದರು. ಬದಲಿ ಗಿಡ ಕೊಡಲಿಲ್ಲ. ಕಸಿ ಗಂಟು, ಅಂದರೆ ಕೊಂಬೆ ಬುಡಕ್ಕೆ ಕೂಡಿದ ಜಾಗ, ಚೀಲದ ಮಣ್ಣಲ್ಲಿ ಹೂತುಹೋಗಿತ್ತು. ಕೆದಕಿ ನೋಡದೆ ತಂದದ್ದು ನನ್ನ ತಪ್ಪೂ ಹೌದು.

ಕಮಾನಿನ ಮಾನ ಉಳಿಸಿದ್ದು ಮೂರನೇ ಗಿಡ, ನ್ಯೂ ಡಾನ್ ಎಂಬ ತಳಿ. ಅಂಗಡಿಯಲ್ಲಿ ರೋನ್ಸಾರ್ ಪಕ್ಕ ಸಪ್ಪೆಯಾಗಿ ಕಂಡಿತ್ತು, ತಿಳಿ ಗುಲಾಬಿ ಹೂ. ಮತ್ತೆ ಮತ್ತೆ ಹೂ ಬಿಡುವ ಗುಣಕ್ಕೆ 1931ರಲ್ಲಿ ಅಮೆರಿಕದಲ್ಲಿ ಗಿಡಗಳ ಮೊಟ್ಟಮೊದಲ ಪೇಟೆಂಟ್ ಸಿಕ್ಕಿದ್ದು ಇದಕ್ಕೇ. ನನಗೆ ಇಷ್ಟವಾದದ್ದು ಇದರ ಎಲೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ರೋಸ್ ಗಿಡಗಳ ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಕಪ್ಪು ಚುಕ್ಕೆ ರೋಗ ಹತ್ತುತ್ತದೆ. ನಮ್ಮಲ್ಲಿ ಏಳೆಂಟು ದಿನವಾದರೂ ಒಣಗುವುದಿಲ್ಲ, ಅಲ್ವಾ? ಆದರೂ ಬುಡದ ಒಂದಷ್ಟು ಎಲೆ ಉದುರಿದ್ದು ಬಿಟ್ಟರೆ ಗಿಡ ಗಟ್ಟಿಯಾಗಿ ನಿಂತಿತು. ಮೊದಲ ವರ್ಷ ರೆಂಬೆಯನ್ನು ಸುಮ್ನೆ ನೆಟ್ಟಗೆ ಬಿಟ್ಟಿದ್ದೆ, ತುದಿಯಲ್ಲಷ್ಟೇ ಹೂ. ಬಗ್ಗಿಸಿ ಅಡ್ಡಕ್ಕೆ ಕಟ್ಟಿದ ಮೇಲೆ ಗೆಣ್ಣುಗೆಣ್ಣಿಗೂ ಚಿಗುರಿ ಹೂ ಬಿಟ್ಟಿತು. ಮುಳ್ಳು ಮಾತ್ರ ಕೊಕ್ಕೆಯಂಥದ್ದು. ನಮ್ಮ ಪೋಸ್ಟ್‌ಮ್ಯಾನ್ ಈಗ ಗೇಟಿನಾಚೆ ನಿಂತೇ ಕರೆಯುತ್ತಾರೆ.

ನ್ಯೂ ಡಾನ್‌ಗೆ ಐದಕ್ಕೆ ನಾಲ್ಕೂವರೆ, ನರ್ಸರಿಗೆ ಎರಡು. ಕಮಾನಿನ ಇನ್ನೊಂದು ಕಾಲು ಇನ್ನೂ ಖಾಲಿ ಇದೆ. ಅದಕ್ಕೆ ಗಿಡ ಹುಡುಕಲು ಆಗಸ್ಟ್‌ನಲ್ಲೇ ಹೋಗುತ್ತೇನೆ. ಅಷ್ಟು ಮಳೆಯಲ್ಲಿ ನೆನೆದೂ ಮೈತುಂಬ ಎಲೆ ಉಳಿಸಿಕೊಂಡಿರುವ ಗಿಡ ಯಾವುದೋ ಅದನ್ನೇ ತರುತ್ತೇನೆ.